ದೇಸೂರ ಬಿಟ್ಟುಹೋದರೆ ಕೇಳುವವರು ಯಾರು?

ಒಂದು ಬಗೆಯ ಮಾಹಿತಿಯನ್ನು ಇನ್ನೊಂದು ಬಗೆಯೆಂದು ತಿಳಿಯುವುದು ಕಂಪ್ಯೂಟರಿನ ದಿನನಿತ್ಯದ ಕೆಲಸ. ಆ ಕೆಲಸವನ್ನು ಹೇಳಿ, ಕೇಳಿ, ಲೆಕ್ಕ ಒಪ್ಪಿಸಿ ಮಾಡುವ ಒಂದು ಶಿಸ್ತು ಫಂಕ್ಷನಲ್ ಪ್ರೋಗ್ರಾಮಿಂಗಿನಲ್ಲಿದೆ. ಬೆಳಗಾವಿ ಬಳಿಯ ದೇಸೂರ ಸ್ಟೇಶನ್ನಿನ ಕಟ್ಟೆಯ ಮೇಲೆ ಕುಳಿತು ನೋಡಿದರೆ ಅದು ಸಲೀಸಾಗಿ ಅರ್ಥವಾಗುತ್ತದೆ.

2024ರ ಮಳೆಗಾಲದ ಒಂದು ಸಂಜೆ ದೇಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಗಳ ವಾಟ್ನಿಯ (ಪಾಲಿನ) ಪಟ್ಟಿ ಟೈಪ್ ಮಾಡುತ್ತಿದ್ದೆ. ಕಾಕಾ ಹಳೆಯ ಉತಾರಗಳನ್ನು (ಪಹಣಿಗಳನ್ನು) ಒಂದೊಂದಾಗಿ ಬಿಡಿಸಿ ಓದಿ ಹೇಳುತ್ತಿದ್ದರು. ನಾನು ಲ್ಯಾಪ್‌ಟಾಪಿನ ಕೋಷ್ಟಕದಲ್ಲಿ ಸರ್ವೆ ನಂಬರ್ ತುಂಬುತ್ತಾ ಹೋದೆ. 145/2, 210/1, 12/3... ಗೆರೆಯ ಹಿಂದಿನದು ಸರ್ವೆ ನಂಬರು, ಮುಂದಿನದು ಹಿಸ್ಸಾ. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಟ್ಟಿ ಮುಗಿಸಿ ತೋರಿಸಿದಾಗ ಕಾಕಾ ಕನ್ನಡಕ ಏರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಅಲ್ಲೋ ತಮ್ಮಾ, ಈ ಹೊಲಕ್ಕ ಯಾಕೋ ತಾರೀಖ ಹಚ್ಚೀದಿ?”

12/3 ಇರಬೇಕಾದಲ್ಲಿ ‘12 ಮಾರ್ಚ್’ ಎಂದಿತ್ತು. ಸರಿಪಡಿಸಲು ಹೋಗಿ ಕೋಷ್ಟಕದ ಆ ಚೌಕವನ್ನು ಬರೀ ಸಂಖ್ಯೆಯಾಗಿ ತೋರಿಸು ಎಂದೆ. 45363 ಎಂದು ಬಂತು. 1900ರ ಜನವರಿಯಿಂದ ಎಣಿಸಿದ ದಿನಗಳ ಲೆಕ್ಕವದು. ನಾನು ಟೈಪ್ ಮಾಡಿದ 12/3 ಎಲ್ಲಿಯೂ ಉಳಿದಿರಲಿಲ್ಲ. 145/2 ಮತ್ತು 210/1 ಮಾತ್ರ ಇದ್ದಂತೆಯೇ ಇದ್ದವು, ಏಕೆಂದರೆ ಯಾವ ತಿಂಗಳಿಗೂ 145 ದಿನಗಳಿಲ್ಲ. ಪಟ್ಟಿಯೆಲ್ಲ ಕೆಟ್ಟಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಒಂದೇ ಒಂದು ಹೊಲ ಸದ್ದಿಲ್ಲದೆ ದಿನಾಂಕವಾಗಿ ಹೋದದ್ದನ್ನು ಕಂಡುಹಿಡಿಯಲು ಆ ಹೊಲದಲ್ಲಿ ನೇಗಿಲು ಹೊಡೆದವರೇ ಬೇಕಾಯಿತು.

ಮಾತಿಲ್ಲದೆ ಆಗುವ ಬದಲಾವಣೆ

ಕಂಪ್ಯೂಟರಿನ ಒಳಗೆ ಇರುವುದು ಸೊನ್ನೆ ಮತ್ತು ಒಂದುಗಳ ಸಾಲು. ಅದು ಸಂಖ್ಯೆಯೋ, ಅಕ್ಷರವೋ, ದಿನಾಂಕವೋ ಎಂದು ತೀರ್ಮಾನಿಸುವುದು ಅದಕ್ಕೆ ನಾವು ಕೊಡುವ ಬಗೆ. ಪ್ರೋಗ್ರಾಮರುಗಳು ಟೈಪ್ ಎನ್ನುತ್ತಾರೆ. ಬಗೆ ಎಂದರೆ ಎರಡು ಮಾತುಗಳ ಒಪ್ಪಂದ. ಇಲ್ಲಿ ಯಾವ ಯಾವ ಬೆಲೆಗಳು ಬರಬಹುದು ಎಂಬುದು ಮೊದಲನೆಯದು. ಬಂದದ್ದರ ಮೇಲೆ ಏನೇನು ಮಾಡಬಹುದು ಎಂಬುದು ಎರಡನೆಯದು. ಸರ್ವೆ ನಂಬರನ್ನು ಕೂಡಿಸುವಂತಿಲ್ಲ, ಕಳೆಯುವಂತಿಲ್ಲ, ಅದು ಬರೀ ಗುರುತು. ದಿನಾಂಕಕ್ಕೆ ಒಂದು ದಿನ ಕೂಡಿಸಬಹುದು. ಗುರುತನ್ನು ದಿನಾಂಕವೆಂದು ತಿಳಿದ ತಂತ್ರಾಂಶ ಒಪ್ಪಂದವನ್ನೇ ಬದಲಿಸಿತು, ಬದಲಿಸಿದೆನೆಂದು ಹೇಳಲೂ ಇಲ್ಲ.

ಇದು ನಮ್ಮ ಹೊಲಕ್ಕಷ್ಟೇ ಬಂದ ಕಷ್ಟವಲ್ಲ. ಮನುಷ್ಯರ ಜೀನುಗಳಿಗೆ ‘ಸೆಪ್ಟ್1’, ‘ಮಾರ್ಚ್1’ ಎಂಬಂಥ ಗಿಡ್ಡ ಹೆಸರುಗಳಿದ್ದವು. ಸಂಶೋಧಕರ ಕೋಷ್ಟಕಗಳಲ್ಲಿ ಅವು ಸೆಪ್ಟೆಂಬರ್ 1, ಮಾರ್ಚ್ 1 ಆಗತೊಡಗಿದವು. ಜೀನುಗಳ ಪಟ್ಟಿಯನ್ನು ಇಂಥ ಕಡತದಲ್ಲಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಈ ತಪ್ಪು ಸೇರಿಕೊಂಡಿದೆ ಎಂದು 2016ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಕೊನೆಗೆ 2020ರಲ್ಲಿ ಜೀನುಗಳ ನಾಮಕರಣ ಸಮಿತಿಯೇ ಆ ಹೆಸರುಗಳನ್ನು ಬದಲಿಸಿತು. ತಂತ್ರಾಂಶದ ಚಾಳಿಗೆ ತಕ್ಕಂತೆ ವಿಜ್ಞಾನವೇ ಹೆಸರು ತಿದ್ದಿಕೊಳ್ಳಬೇಕಾಯಿತು.

ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಉದ್ಧರಣ ಚಿಹ್ನೆಯೊಳಗಿನ “5”ಕ್ಕೆ 3 ಕೂಡಿಸಿದರೆ “53” ಬರುತ್ತದೆ. ಅದೇ “5”ರಲ್ಲಿ 3 ಕಳೆದರೆ 2 ಬರುತ್ತದೆ. ಒಮ್ಮೆ ಸಂಖ್ಯೆಯನ್ನು ಅಕ್ಷರವಾಗಿಸಿತು, ಇನ್ನೊಮ್ಮೆ ಅಕ್ಷರವನ್ನು ಸಂಖ್ಯೆಯಾಗಿಸಿತು, ಎರಡೂ ಸಲ ಯಾರನ್ನೂ ಕೇಳಲಿಲ್ಲ.

ಇನ್ನೂ ದೊಡ್ಡ ಬೆಲೆ ತೆತ್ತದ್ದು 1996ರ ಜೂನ್ 4ರಂದು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಮೊದಲ ಸಲ ಮೇಲೆದ್ದ ಏರಿಯನ್ 5 ರಾಕೆಟ್ಟು ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವ ಸಾಲೊಂದು ಅದರ ತಂತ್ರಾಂಶದಲ್ಲಿತ್ತು. 16 ಬಿಟ್‌ಗಳಲ್ಲಿ ಋಣ ಸಂಖ್ಯೆಗಳಿಗೂ ಜಾಗವಿಟ್ಟರೆ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಹಳೆಯ ಏರಿಯನ್ 4ರ ವೇಗಕ್ಕೆ ಅಷ್ಟು ಸಾಕಾಗಿತ್ತು, ಹೊಸ ರಾಕೆಟ್ಟಿಗೆ ಸಾಲಲಿಲ್ಲ. ಇಲ್ಲಿ ಬದಲಾವಣೆ ಕದ್ದು ನಡೆದದ್ದಲ್ಲ, ಪ್ರೋಗ್ರಾಮರೇ ಬರೆದದ್ದು. ಆದರೆ ದೊಡ್ಡದನ್ನು ಸಣ್ಣದರೊಳಗೆ ತುಂಬುವಾಗ ಹೊರಗೆ ಉಳಿದದ್ದರ ಗತಿಯೇನು ಎಂಬ ಪ್ರಶ್ನೆಗೆ ಆ ಸಾಲಿನಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ನಮಗೆ ಬೇಕಾದದ್ದು ಎರಡು. ಬಗೆ ಬದಲಾದರೆ ಅದು ಬರಹದಲ್ಲಿ ಕಾಣಬೇಕು. ಬದಲಾವಣೆಯಲ್ಲಿ ಏನಾದರೂ ಬಿಟ್ಟುಹೋಗುವಂತಿದ್ದರೆ ಅದರ ಹೆಸರು ಹಿಡಿದು ಯಾರಾದರೂ ಕೇಳಬೇಕು. ಈ ಎರಡನ್ನೂ ಒಟ್ಟಿಗೆ ಚಂದವಾಗಿ ಮಾಡುವುದು ಓಕ್ಯಾಮಲ್ ಎಂಬ ಭಾಷೆ, ಅದರೊಳಗಿನ ಬಹುರೂಪಿ ವೇರಿಯಂಟ್ ಎಂಬ ಸಲಕರಣೆ. ವೇರಿಯಂಟ್ ಎಂದರೆ ಬರಬಹುದಾದ ಹೆಸರುಗಳನ್ನು ಎಣಿಸಿ ಕಟ್ಟಿದ ಬಗೆ.

ಮಾಲೀಕರಿಲ್ಲದ ಹೆಸರು

ಮೀರಜ–ಲೋಂಡಾ ಮಾರ್ಗದಲ್ಲಿ ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟರೆ ದೇಸೂರ, ಇದಲಹೊಂಡ, ಖಾನಾಪುರ, ಗುಂಜಿ ದಾಟಿ ಲೋಂಡಾ ಸಿಗುತ್ತದೆ. ಬೆಳಗಾವಿಯನ್ನೂ ಸೇರಿಸಿದರೆ ಆರು ಹೆಸರು. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಗಾಡಿಗೆ ಈ ಆರೂ ಬೇಕು. ಬೆಳಗಾವಿ, ಖಾನಾಪುರ, ಲೋಂಡಾ ಈ ಮೂರರಲ್ಲಷ್ಟೇ ನಿಲ್ಲುವ ಒಂದು ವೇಗದ ಗಾಡಿ ಇದೆ ಎಂದುಕೊಳ್ಳಿ.

ಓಕ್ಯಾಮಲ್‌ನ ಸಾಮಾನ್ಯ ವೇರಿಯಂಟಿನಲ್ಲಿ ‘ಪ್ಯಾಸೆಂಜರ್ ನಿಲುಗಡೆ’ ಎಂಬ ಬಗೆಗೆ ಆರು ಹೆಸರು ಕೊಡುತ್ತೇವೆ, ‘ವೇಗದ ನಿಲುಗಡೆ’ ಎಂಬ ಬಗೆಗೆ ಮೂರು. ತೊಂದರೆ ಇಲ್ಲೇ ಶುರು. ಮೊದಲ ಬಗೆಯ ಖಾನಾಪುರ ಬೇರೆ, ಎರಡನೆಯ ಬಗೆಯ ಖಾನಾಪುರ ಬೇರೆ. ಹೆಸರು ಒಂದೇ, ಮಾಲೀಕರು ಇಬ್ಬರು. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ. ಬೇಕೆಂದರೆ ಈ ಬೆಳಗಾವಿ ಎಂದರೆ ಆ ಬೆಳಗಾವಿ, ಈ ಖಾನಾಪುರ ಎಂದರೆ ಆ ಖಾನಾಪುರ ಎಂದು ಒಂದೊಂದು ಸಾಲಿನ ಅನುವಾದವನ್ನು ಕೈಯಾರೆ ಬರೆಯಬೇಕು.

ಬಹುರೂಪಿ ವೇರಿಯಂಟಿನಲ್ಲಿ ಹೆಸರಿನ ಮುಂದೆ ಒಂದು ಓರೆ ಚಿಹ್ನೆ (ಬ್ಯಾಕ್‌ಟಿಕ್) ಇಡುತ್ತಾರೆ: `ಖಾನಾಪುರ. (ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ, ನಿಜವಾದ ಕೋಡಿನಲ್ಲಿ ರೋಮನ್ ಲಿಪಿ ಇರುತ್ತದೆ.) ಈ ಹೆಸರು ಯಾವ ಬಗೆಯ ಸ್ವತ್ತೂ ಅಲ್ಲ. ಹೆಸರುಗಳು ಮೊದಲು, ಅವುಗಳ ಗುಂಪೇ ಬಗೆ:

ವೇಗದ = [ `ಬೆಳಗಾವಿ | `ಖಾನಾಪುರ | `ಲೋಂಡಾ ]

ಎಲ್ಲ = [ `ಬೆಳಗಾವಿ | `ದೇಸೂರ | `ಇದಲಹೊಂಡ | `ಖಾನಾಪುರ | `ಗುಂಜಿ | `ಲೋಂಡಾ ]

ನಮ್ಮ ಸೀಮೆಯವರಿಗೆ ಇದು ಹೊಸತೇನಲ್ಲ. ಗಲ್ಲಿ, ಗಿರಣಿ, ಚಹಾ ಇವು ಕನ್ನಡದವೂ ಹೌದು, ಮರಾಠಿಯವೂ ಹೌದು. ಖಾನಾಪುರದ ಸಂತೆಯಲ್ಲಿ ‘ಚಹಾ’ ಎಂದವರನ್ನು ಯಾವ ಭಾಷೆಯ ಚಹಾ ಎಂದು ಯಾರೂ ಕೇಳುವುದಿಲ್ಲ. ಮಾತು ಎರಡೂ ಭಾಷೆಗಳ ಗುಂಪಿನಲ್ಲಿದೆ, ಒಂದೇ ಮಾತಾಗಿಯೇ ಇದೆ.

ಈ ಯೋಚನೆಯನ್ನು ರೂಪಿಸಿದವರು ಜಾಕ್ ಗಾರಿಗ್. ಜಪಾನಿನ ಕ್ಯೋಟೋದಲ್ಲಿದ್ದಾಗ 1998ರಲ್ಲಿ ಇದರ ಮೇಲೆ ಪ್ರಬಂಧ ಮಂಡಿಸಿದರು. 2000ದಲ್ಲಿ ಓಕ್ಯಾಮಲ್ 3.00 ಆವೃತ್ತಿಯೊಂದಿಗೆ ಅದು ಭಾಷೆಯೊಳಗೆ ಬಂತು. ಪರದೆಯ ಮೇಲೆ ಕಿಟಕಿ, ಗುಂಡಿಗಳನ್ನು ಜೋಡಿಸುವ ಗ್ರಂಥಾಲಯಗಳಲ್ಲಿ ಇದರ ಉಪಯೋಗ ಎದ್ದು ಕಾಣುತ್ತದೆ. ‘ಎಡ’, ‘ಬಲ’, ‘ನಡು’ ಎಂಬ ಮಾತು ಅಕ್ಷರದ ಸಾಲಿಗೂ ಬೇಕು, ಗುಂಡಿಗೂ ಬೇಕು, ಚಿತ್ರಕ್ಕೂ ಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ‘ಎಡ’ವನ್ನು ಹುಟ್ಟಿಸುವುದು ಕಷ್ಟದ ಕೆಲಸ.

ಹಿಗ್ಗುವ ದಾರಿ, ಕುಗ್ಗುವ ದಾರಿ

ಈಗ ಬಗೆ ಬದಲಾಯಿಸುವ ಹೊತ್ತು. ವೇಗದ ಗಾಡಿಯ ನಿಲುಗಡೆಯೊಂದು ಕೈಯಲ್ಲಿದೆ, ಅದನ್ನು ಆರು ಹೆಸರುಗಳ ಬಗೆಯೆಂದು ಕಾಣಬೇಕಿದೆ. ಓಕ್ಯಾಮಲ್‌ನಲ್ಲಿ ಹೀಗೆ ಬರೆಯುತ್ತಾರೆ:

(ನಿಲುಗಡೆ :> ಎಲ್ಲ)

ಆ :> ಚಿಹ್ನೆಯೇ ಬಗೆ ಬದಲಾವಣೆಯ ಅಪ್ಪಣೆ. ಮೂರರ ಗುಂಪು ಆರರ ಗುಂಪಿನೊಳಗೆ ಪೂರ್ತಿ ಇದೆ, ಆದ್ದರಿಂದ ಕಂಪೈಲರ್ (ಕೋಡನ್ನು ಓಡಿಸುವ ಮೊದಲೇ ಪರಿಶೀಲಿಸಿ ಅನುವಾದಿಸುವ ತಂತ್ರಾಂಶ) ಒಪ್ಪುತ್ತದೆ. ಪ್ರೋಗ್ರಾಂ ಓಡುವಾಗ ಇದಕ್ಕಾಗಿ ಒಂದು ಕ್ಷಣವೂ ಖರ್ಚಾಗುವುದಿಲ್ಲ. ಒಳಗಿನ ಬಿಟ್‌ಗಳು ಇದ್ದಂತೆಯೇ ಇರುತ್ತವೆ, ನಮ್ಮ 12/3 ಕಳೆದುಹೋದಂತೆ ಏನೂ ಕಳೆಯುವುದಿಲ್ಲ. ‘ಇದು ಮೂರರಲ್ಲಿ ಒಂದು’ ಎಂಬ ತಿಳಿವಳಿಕೆ ‘ಇದು ಆರರಲ್ಲಿ ಒಂದು’ ಎಂದು ಸಡಿಲವಾಗುತ್ತದೆ, ಅಷ್ಟೇ.

ಕೆಲವೊಮ್ಮೆ ಮೂಲ ಬಗೆ ಯಾವುದೆಂದು ಕಂಪೈಲರಿಗೆ ಇನ್ನೂ ಗೊತ್ತಾಗಿರುವುದಿಲ್ಲ. ಆಗ ಎರಡನ್ನೂ ಬರೆಯಬೇಕು: (ನಿಲುಗಡೆ : ವೇಗದ :> ಎಲ್ಲ). ರೈಲು ಟಿಕೆಟ್ಟಿನ ಮೇಲೆ ಎಲ್ಲಿಂದ, ಎಲ್ಲಿಗೆ ಎಂದು ಎರಡೂ ಅಚ್ಚಾಗಿರುವ ಹಾಗೆ.

ತಿರುಗಿ ಹೋಗಲು ಪ್ರಯತ್ನಿಸಿ. ಆರರ ಬಗೆಯ ನಿಲುಗಡೆಯನ್ನು ಮೂರರ ಬಗೆಯೆಂದು ಕಾಣು ಎಂದು ಬರೆದರೆ ಕಂಪೈಲರ್ ನಿಲ್ಲುತ್ತದೆ. ಮೊದಲ ಬಗೆ ಎರಡನೆಯದರ ಒಳಗಿನದಲ್ಲ, ಎರಡನೆಯದರಲ್ಲಿ ಇಂತಿಂಥ ಹೆಸರುಗಳಿಗೆ ಜಾಗವಿಲ್ಲ ಎಂದು ಹೆಸರುಗಳನ್ನೇ ತೋರಿಸುತ್ತದೆ. ದೇಸೂರ, ಇದಲಹೊಂಡ, ಗುಂಜಿ. ‘ಏನೋ ತಪ್ಪಾಗಿದೆ’ ಎಂದು ಕೈತೊಳೆದುಕೊಳ್ಳದೆ ಯಾರು ಬಿಟ್ಟುಹೋಗುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳುತ್ತದೆ.

ಕುಗ್ಗಲೇಬೇಕಾದ ಪ್ರಸಂಗ ಬಂದರೆ ದಾರಿ ಇದೆ, ಅದು ಪ್ಯಾಟರ್ನ್ ಮ್ಯಾಚಿಂಗ್. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಎಂದರೆ ಎರಕದ ಅಚ್ಚಿಗೆ ಆಕಾರ ಕೊಡುವ ಮಾದರಿ. ಯಾವ ಆಕಾರಕ್ಕೆ ಪ್ಯಾಟರ್ನ್ ಇಲ್ಲವೋ ಆ ಎರಕ ಆಗುವುದಿಲ್ಲ. ಇಲ್ಲಿಯೂ ಪ್ರತಿ ಹೆಸರಿಗೂ ಒಂದು ಪ್ಯಾಟರ್ನ್ ಬರೆಯಬೇಕು. ಮೂರು ಹೆಸರು ಬಂದರೆ ಮುಂದೆ ಸಾಗು, ದೇಸೂರ ಬಂದರೆ ಇದು ಮಾಡು, ಗುಂಜಿ ಬಂದರೆ ಅದು ಮಾಡು. ಒಂದನ್ನು ಮರೆತರೆ ಕಂಪೈಲರ್ ಎಚ್ಚರಿಸುತ್ತದೆ, ಉದಾಹರಣೆಗೆ `ದೇಸೂರ ಬಂದರೆ ಉತ್ತರವಿಲ್ಲ ಎನ್ನುತ್ತದೆ. ಏರಿಯನ್ 5ರ ಆ ಸಾಲಿನಲ್ಲಿ ಯಾರೂ ಕೇಳದೆ ಹೋದದ್ದು ಈ ಪ್ರಶ್ನೆಯನ್ನೇ.

ಹಿಗ್ಗುವುದಕ್ಕೆ ಅಪ್ಪಣೆ ಸಾಕು, ಕುಗ್ಗುವುದಕ್ಕೆ ಉತ್ತರ ಬೇಕು. ಇಡೀ ಶಿಸ್ತಿನ ತಿರುಳು ಇದು.

ಅಪ್ಪಣೆಯನ್ನಾದರೂ ಏಕೆ ಬರೆಯಬೇಕು?

ಹಿಗ್ಗುವುದು ಅಪಾಯವಿಲ್ಲದ್ದಾದರೆ ಅದನ್ನು ಕಂಪೈಲರ್ ತಾನೇ ಮಾಡಬಹುದಲ್ಲ ಎಂದು ಕೇಳುವುದು ಸಹಜ. ಉತ್ತರ ಈ ಭಾಷೆಯ ವಂಶದಲ್ಲಿದೆ. ಓಕ್ಯಾಮಲ್‌ನ ಮೂಲ ಎಂಎಲ್, 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಕಟ್ಟಿದ ಭಾಷೆ. ಬಗೆಯನ್ನು ನಾವು ಬರೆಯದಿದ್ದರೂ ಕಂಪೈಲರ್ ತಾನೇ ಊಹಿಸುವ ಸಿದ್ಧಾಂತವನ್ನು ಮಿಲ್ನರ್ 1978ರಲ್ಲಿ ಪ್ರಕಟಿಸಿದರು. ಆ ಪರಂಪರೆಯನ್ನು ಫ್ರಾನ್ಸಿನ ಇನ್ರಿಯಾ ಸಂಸ್ಥೆ ಬೆಳೆಸಿತು. 1996ರಲ್ಲಿ ಅಲ್ಲಿನ ಝೇವಿಯರ್ ಲೆರಾಯ್ ಮತ್ತು ಸಂಗಡಿಗರ ಕೈಯಲ್ಲಿ ಇಂದಿನ ಓಕ್ಯಾಮಲ್ ರೂಪುಗೊಂಡಿತು.

ಊಹಿಸುವ ಕ್ರಮ ಸಮೀಕರಣ ಬಿಡಿಸಿದಂತೆ. ಇದರ ಬಗೆಯೂ ಅದರ ಬಗೆಯೂ ಸಮ, ಆದ್ದರಿಂದ ಇದು ಇಂಥದ್ದು ಎಂದು ಒಂದೊಂದಾಗಿ ಕಂಡುಕೊಳ್ಳುತ್ತದೆ. ಎಲ್ಲೆಂದರಲ್ಲಿ ‘ಸಮ ಅಥವಾ ಹಿರಿದು’ ಎಂದು ಬಿಟ್ಟುಕೊಟ್ಟರೆ ಸಮೀಕರಣಗಳು ಅಸಮತೆಗಳಾಗುತ್ತವೆ, ಊಹಿಸಿದ ಬಗೆಗಳು ಮನುಷ್ಯರು ಓದಲಾರದಷ್ಟು ಉದ್ದವಾಗುತ್ತವೆ. ಆದ್ದರಿಂದ ಗಾರಿಗ್ ಸಮೀಕರಣವನ್ನು ಉಳಿಸಿಕೊಂಡು ಬಗೆಗಳಿಗೆ ಎರಡು ಬಾಗಿಲು ಇಟ್ಟರು. ಬರೀ `ದೇಸೂರ ಎಂದು ಬರೆದರೆ ಅದರ ಬಗೆ ‘ಕನಿಷ್ಠ ದೇಸೂರ, ಬೇಕಾದರೆ ಇನ್ನಷ್ಟು’. [> `ದೇಸೂರ ] ಎಂದು ತೋರಿಸುತ್ತಾರೆ. ಮೂರು ಹೆಸರುಗಳಿಗಷ್ಟೇ ಉತ್ತರ ಬಲ್ಲ ಫಂಕ್ಷನ್ನು ಕೇಳುವುದು ‘ಹೆಚ್ಚೆಂದರೆ ಈ ಮೂರು’; ಅದಕ್ಕೆ [< ಚಿಹ್ನೆ. ಬಾಗಿಲು ತೆರೆದಿರುವವರೆಗೆ ಗುಂಪುಗಳು ತಾವಾಗಿ ಹೊಂದಿಕೊಳ್ಳುತ್ತವೆ. ಬಗೆಯನ್ನು ಹೆಸರಿಟ್ಟು ಮುಚ್ಚಿದ ಮೇಲೆ ಮಾತ್ರ :> ಬೇಕು.

ಟಿಕೆಟ್ ಕಿಟಕಿಯಲ್ಲಿ ತಿರುಗುವ ದಿಕ್ಕು

ಕಲಿಯುವವರು ಹೆಚ್ಚಾಗಿ ಎಡವುವುದು ಫಂಕ್ಷನ್ನುಗಳ ಬಳಿ. ಟಿಕೆಟ್ ಕಿಟಕಿಯಲ್ಲಿ ಕುಳಿತವರನ್ನು ಒಂದು ಫಂಕ್ಷನ್ ಎಂದುಕೊಳ್ಳಿ. ಊರಿನ ಹೆಸರು ಹೇಳಿದರೆ ದರ ಹೇಳುತ್ತಾರೆ. ಆರೂ ಊರುಗಳ ದರ ಬಲ್ಲವರನ್ನು ವೇಗದ ಗಾಡಿಯ ಕಿಟಕಿಗೆ ಕೂರಿಸಬಹುದು, ಅಲ್ಲಿ ಕೇಳುವುದು ಮೂರೇ ಹೆಸರು. ಮೂರನ್ನಷ್ಟೇ ಬಲ್ಲವರನ್ನು ಪ್ಯಾಸೆಂಜರ್ ಗಾಡಿಯ ಕಿಟಕಿಗೆ ಕೂರಿಸಿದರೆ ದೇಸೂರಿನ ಪ್ರಯಾಣಿಕರು ಬಂದಾಗ ಬಾಯಿ ಕಟ್ಟುತ್ತದೆ.

ನಿಲುಗಡೆಯ ವಿಷಯದಲ್ಲಿ ಮೂರು ಆರಾಗಬಹುದಿತ್ತು. ನಿಲುಗಡೆಯನ್ನು ಸ್ವೀಕರಿಸುವವರ ವಿಷಯದಲ್ಲಿ ಆರು ಮೂರಾಗಬಹುದು. ಕೊಡುವವರು ಕಡಿಮೆ ಕೊಟ್ಟರೂ ನಡೆದೀತು, ತೆಗೆದುಕೊಳ್ಳುವವರಿಗೆ ಹೆಚ್ಚು ತಿಳಿದಿರಬೇಕು. ಇದನ್ನು ಕಂಠಪಾಠ ಮಾಡುವ ಅಗತ್ಯವಿಲ್ಲ, ಕಿಟಕಿಯ ಮುಂದಿನ ಸರದಿಯಲ್ಲಿ ಒಮ್ಮೆ ನಿಂತರೆ ಸಾಕು.

ಪಟ್ಟಿಗಳ ಮಾತು ಇನ್ನೊಂದು. ವೇಗದ ಗಾಡಿಯ ನಿಲುಗಡೆಗಳನ್ನು ಅಚ್ಚು ಹಾಕಿದ ಪಟ್ಟಿಯನ್ನು ಆರರ ಬಗೆಯ ಪಟ್ಟಿ ಎಂದು ಓದಿದರೆ ಏನೂ ಕೆಡುವುದಿಲ್ಲ, ಏಕೆಂದರೆ ಅಚ್ಚಾದದ್ದನ್ನು ಯಾರೂ ತಿದ್ದಲಾರರು. ಅದೇ ಸುಣ್ಣದ ಕಡ್ಡಿಯಿಂದ ಬರೆದು ಅಳಿಸುವ ಕಪ್ಪು ಹಲಗೆಯಾದರೆ? ಆರರ ಹಲಗೆ ಎಂದು ತಿಳಿದವರು ಅದರ ಮೇಲೆ ‘ದೇಸೂರ’ ಎಂದು ಬರೆಯುತ್ತಾರೆ. ವೇಗದ ಗಾಡಿಯ ಚಾಲಕರಿಗೆ ಅದೇ ಹಲಗೆ ಇನ್ನೂ ಮೂರರ ಹಲಗೆ, ಅವರು ಈ ಹೆಸರನ್ನು ಏನೆಂದು ಓದಬೇಕು? ಆದ್ದರಿಂದ ಓಕ್ಯಾಮಲ್ ತಿದ್ದಲಾಗದ ಪಟ್ಟಿಗೆ ಬಗೆ ಬದಲಾವಣೆಯನ್ನು ಒಪ್ಪುತ್ತದೆ, ತಿದ್ದಬಹುದಾದ ಅರೇಗೆ ಒಪ್ಪುವುದಿಲ್ಲ.

ದೇಸೂರಿಗೆ ಹತ್ತಿರದ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಆವರಣವಿದೆ. 1998ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದಡಿ ರಾಜ್ಯದ ಮೂಲೆಮೂಲೆಯ ಎಂಜಿನಿಯರಿಂಗ್ ಮಕ್ಕಳು ಜಾವಾ ಕಲಿತಿದ್ದಾರೆ. ಜಾವಾ ಭಾಷೆ ಈ ಕಪ್ಪು ಹಲಗೆಯ ಬದಲಾವಣೆಯನ್ನು ಒಪ್ಪಿಕೊಳ್ಳುತ್ತದೆ. ಅಕ್ಷರಗಳ ಅರೇಯನ್ನು ಯಾವುದೇ ವಸ್ತುಗಳ ಅರೇ ಎಂದು ಕಂಡು ಅದರಲ್ಲಿ ಸಂಖ್ಯೆಯಿಟ್ಟರೆ ಕಂಪೈಲರ್ ಸುಮ್ಮನಿರುತ್ತದೆ, ಪ್ರೋಗ್ರಾಂ ಓಡುವಾಗ ಮುಗ್ಗರಿಸುತ್ತದೆ. ಓಡುವ ಗಾಡಿ ಮುಗ್ಗರಿಸುವುದಕ್ಕಿಂತ ಹೊರಡುವ ಮೊದಲೇ ತಡೆಯುವುದು ಲೇಸು. ಜಾವಾ ಕಲಿತ ಮಕ್ಕಳು ಒಂದು ಸಂಜೆ ಕುಳಿತು ಓಕ್ಯಾಮಲ್‌ನಲ್ಲಿ ಇದೇ ಲೆಕ್ಕ ಬರೆದು ನೋಡಬೇಕೆಂಬುದು ನನ್ನ ಆಸೆ.

ದೇಸೂರ, ದೇಸೂರು

ಈ ಸಲಕರಣೆಗೂ ಒಂದು ದೌರ್ಬಲ್ಯವಿದೆ. ಹೆಸರಿಗೆ ಮಾಲೀಕರಿಲ್ಲ, ಹಾಗಾಗಿ ಹೆಸರು ತಪ್ಪಿದರೆ ಗದರಿಸುವವರೂ ಇಲ್ಲ. `ದೇಸೂರ ಎಂದು ಬರೆಯಬೇಕಾದಲ್ಲಿ ಕೈತಪ್ಪಿ `ದೇಸೂರು ಎಂದು ಬರೆದರೆ ಕಂಪೈಲರ್ ಅದನ್ನು ಏಳನೆಯ ಹೊಸ ಊರೆಂದು ತಿಳಿಯುತ್ತದೆ. ಬೆಳಗಾಂ ಎಂದಿದ್ದದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾಯಿತು. ಊರು ಅದೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ಅವು ಎರಡು ಹೆಸರು. ಒಳಗೆ ಪ್ರತಿ ಹೆಸರನ್ನೂ ಅದರ ಅಕ್ಷರಗಳಿಂದ ಲೆಕ್ಕ ಹಾಕಿದ 31 ಬಿಟ್‌ಗಳ ಸಂಖ್ಯೆಯಾಗಿ ಇಡುತ್ತಾರೆ. ಅಕ್ಷರ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಅಪರೂಪಕ್ಕೆ ಎರಡು ಬೇರೆ ಹೆಸರುಗಳಿಗೆ ಒಂದೇ ಸಂಖ್ಯೆ ಬಂದರೆ ಅವನ್ನು ಒಂದೇ ಬಗೆಯಲ್ಲಿ ಸೇರಿಸಲು ಕಂಪೈಲರ್ ಬಿಡುವುದಿಲ್ಲ.

ಮದ್ದು ಸರಳ. ಬಾಗಿಲನ್ನು ತೆರೆದೇ ಬಿಡದೆ, ‘ಎಲ್ಲ’ ಎಂಬ ಮುಚ್ಚಿದ ಬಗೆಯನ್ನು ಬರೆದು, ಫಂಕ್ಷನ್ನಿನ ತಲೆಯ ಮೇಲೆ ಅದನ್ನು ನಮೂದಿಸಬೇಕು. ಆಗ `ದೇಸೂರು ಒಳಗೆ ಬರುವುದಿಲ್ಲ. ಯಾರನ್ ಮಿನ್ಸ್ಕಿ, ಅನಿಲ್ ಮಾಧವಪೆದ್ದಿ, ಜೇಸನ್ ಹಿಕ್ಕಿ ಬರೆದ ಓಕ್ಯಾಮಲ್ ಪುಸ್ತಕವೂ ಬಹುಪಾಲು ಕೆಲಸಕ್ಕೆ ಸಾಮಾನ್ಯ ವೇರಿಯಂಟೇ ಅನುಕೂಲ ಎಂದು ಸಲಹೆ ಕೊಡುತ್ತದೆ. ಒಂದೇ ಹೆಸರು ನಿಜವಾಗಿಯೂ ಹಲವು ಗುಂಪುಗಳಿಗೆ ಬೇಕಾದ ಕಡೆ, ಗಡಿಯ ಮೇಲಿನ ಮಾತಿನ ಹಾಗೆ ಅದು ಎರಡೂ ಕಡೆಯದಾಗಿರುವ ಕಡೆ, ಬಹುರೂಪಿಗೆ ಸರಿಸಾಟಿಯಿಲ್ಲ.

ಇಂಥ ಭಾಷೆಗಳು ಪ್ರಯೋಗಶಾಲೆಯಲ್ಲೇ ಉಳಿದಿಲ್ಲ. ಏರಿಯನ್ 5ಕ್ಕೆ ಮುಳುವಾದಂಥ ದೋಷಗಳನ್ನು ಹುಡುಕುವ ಆಸ್ಟ್ರೇ ಎಂಬ ತಂತ್ರಾಂಶ ಬರೆದದ್ದು ಓಕ್ಯಾಮಲ್‌ನಲ್ಲಿ. 2003ರಲ್ಲಿ ಅದು ಏರ್‌ಬಸ್ ಎ340 ವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶದಲ್ಲಿ ಓಡುವಾಗ ಆಗುವ ಅಂಥ ದೋಷಗಳಿಲ್ಲವೆಂದು ಸಾಧಿಸಿತು. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿ ಏರ್‌ಬಸ್ಸಿಗಾಗಿ ಬಿಡಿಭಾಗಗಳನ್ನು ತಯಾರಿಸುತ್ತದೆ. ಲೋಹದ ಭಾಗಕ್ಕೆ ಅಳತೆಯ ಪರೀಕ್ಷೆ ಹೇಗೋ ತಂತ್ರಾಂಶಕ್ಕೆ ಬಗೆಯ ಪರೀಕ್ಷೆ ಹಾಗೆ. 2022ರ ಡಿಸೆಂಬರಿನಲ್ಲಿ ಬಂದ ಓಕ್ಯಾಮಲ್ 5.0, ಪ್ರೊಸೆಸರಿನ ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡುವ ಶಕ್ತಿ ಪಡೆಯಿತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್. ಬೆಂಗಳೂರಿನ ಜಸ್‌ಪೇ ಕಂಪನಿ ಪಾವತಿ ವ್ಯವಸ್ಥೆಗೆ ಇದೇ ಕುಲದ ಹ್ಯಾಸ್ಕೆಲ್, ಪ್ಯೂರ್‌ಸ್ಕ್ರಿಪ್ಟ್ ಭಾಷೆಗಳನ್ನು ಬಳಸುತ್ತದೆ.

‘ಇತರೆ’ ಎಂಬ ಕಾಲಂ

ಪ್ಯಾಟರ್ನ್ ಬರೆಯುವಾಗ ಒಂದು ಅಡ್ಡದಾರಿ ಇದೆ. ಕೊನೆಯ ಸಾಲಿನಲ್ಲಿ ಬರೀ ಒಂದು ಅಡಿಗೆರೆ ಎಳೆದರೆ ‘ಉಳಿದದ್ದೆಲ್ಲ’ ಎಂದರ್ಥ. ಎಚ್ಚರಿಕೆ ಥಟ್ಟನೆ ನಿಂತುಬಿಡುತ್ತದೆ. ದೇಸೂರ, ಇದಲಹೊಂಡ, ಗುಂಜಿ ಮೂರೂ ಆ ಗೆರೆಯೊಳಗೆ ಮುಳುಗುತ್ತವೆ. ನಾಳೆ ಏಳನೆಯ ಊರು ಸೇರಿದರೆ ಅದೂ ಅಲ್ಲಿಗೇ. ನಾವು ತುಂಬುವ ಅರ್ಜಿಗಳಲ್ಲಿ ‘ಇತರೆ’ ಎಂಬ ಕಾಲಂ ಇರುತ್ತದಲ್ಲ, ಅದೇ ಇದು. ಅನುಭವಿ ಪ್ರೋಗ್ರಾಮರುಗಳು ಈ ಗೆರೆಯನ್ನು ಆದಷ್ಟು ದೂರವಿಡುತ್ತಾರೆ. ಪ್ರತಿ ಹೆಸರನ್ನೂ ಬರೆಯುವುದು ಬೇಸರದ ಕೆಲಸ, ಆದರೆ ಬಿಟ್ಟುಹೋದವರ ಹೆಸರನ್ನು ಕಂಪೈಲರ್ ಹೇಳಲು ಅದೊಂದೇ ದಾರಿ.

ಸಣ್ಣ ಊರಿನವರಾದ ನಮಗೆ ಇದು ತಂತ್ರಜ್ಞಾನಕ್ಕೂ ಮೀರಿದ ಮಾತು. ಪಟ್ಟಿ ಗಿಡ್ಡವಾಗುವಾಗ ಮೊದಲು ಹೋಗುವುದು ಬೆಳಗಾವಿಯಲ್ಲ, ದೇಸೂರ. ಪಟ್ಟಿ ಗಿಡ್ಡವಾಗಬಾರದು ಎಂದು ನಾನು ಹೇಳುತ್ತಿಲ್ಲ, ವೇಗದ ಗಾಡಿಯೂ ಬೇಕು. ಗಿಡ್ಡಮಾಡುವವರು ದೇಸೂರಿನ ಹೆಸರು ಬರೆದು ಅದಕ್ಕೊಂದು ಉತ್ತರ ಬರೆಯಲಿ. ಒಂದು ಭಾಷೆ ಇಪ್ಪತ್ತೈದು ವರ್ಷಗಳಿಂದ ಇದನ್ನು ಕೇಳುತ್ತಾ ಬಂದಿದೆ ಎಂಬುದು ನನಗೆ ದೊಡ್ಡ ಸಮಾಧಾನ.

ಆ ಸಂಜೆ ಕೋಷ್ಟಕವನ್ನು ಮತ್ತೆ ಮೊದಲಿಂದ ಶುರು ಮಾಡಿದೆ. ಒಂದಕ್ಷರ ಬರೆಯುವ ಮೊದಲೇ ಆ ಕಾಲಂ ಪೂರ್ತಿ ಅಕ್ಷರದ ಬಗೆ ಎಂದು ನಮೂದಿಸಿದೆ. ಕಾಕಾ ಮತ್ತೆ ಓದಿದರು, ನಾನು ಮತ್ತೆ ಬರೆದೆ. 12/3 ಎಂದರೆ 12/3 ಎಂದೇ ಬಂತು. ಮುಗಿದ ಮೇಲೆ ಅವರು ಉತಾರಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಮಗುಚುತ್ತಾ ಪರದೆಯ ಸಾಲುಗಳನ್ನು ಬೆರಳಿನಿಂದ ಎಣಿಸಿದರು. ಉತಾರ ಹನ್ನೊಂದು, ಸಾಲು ಹನ್ನೊಂದು. ಆಮೇಲೆಯೇ ಕನ್ನಡಕ ತೆಗೆದರು.